ಕಣ ಯಾರ ಪಾಲಿಗೆ?

160 ಜಿಬಿ ಎಂದು ದುಡ್ಡು ಕೊಟ್ಟು ತಂದ ಹಾರ್ಡ್ ಡಿಸ್ಕು ಪರದೆಯ ಮೇಲೆ 149 ಜಿಬಿ ಎಂದು ತೋರಿಸಿದಾಗ ಅಪ್ಪ ನಕ್ಕುಬಿಟ್ಟಿದ್ದ. "ಕಬ್ಬಿನ ತೂಕದಲ್ಲಿ ಕಡಿಯೋದು ಗೊತ್ತಿತ್ತು ಕಣ್ಲಾ. ಇದ್ರಲ್ಲೂ ಕಡೀತಾರಾ?" ಡಿಸ್ಕು ಮಾಡಿದವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸು 1024ರ ಲೆಕ್ಕದಲ್ಲಿ ಎಣಿಸುತ್ತದೆ, ಒಂದು ಬೈಟೂ ಎಲ್ಲೂ ಹೋಗಿಲ್ಲ ಎಂದು ನಾನು ಕಾಗದದ ಮೇಲೆ ಗುಣಿಸಿ ತೋರಿಸಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡು, "ಅಂಗಾರೆ ಎಲ್ಡು ತಕ್ಕಡಿ ಮಡಗವ್ರೆ ಅನ್ನು" ಎಂದು ಎದ್ದು ಗದ್ದೆ ಕಡೆಗೆ ಹೋದ.

ಅದು 2007. ಅಣ್ಣ ಚಿಕ್ಕರಸಿನಕೆರೆಯಲ್ಲಿ ಒಂದು ಚಿಕ್ಕ ಮಳಿಗೆ ಹಿಡಿದು ಜೆರಾಕ್ಸು, ಡಿಟಿಪಿ ಶುರು ಮಾಡಿದ್ದ. ಹೋಬಳಿ ಕೇಂದ್ರ ಅಂದಮೇಲೆ ಅರ್ಜಿಗಳಿಗೆ ಬರವಿಲ್ಲ. ಪಹಣಿ ತಿದ್ದುಪಡಿ, ವಂಶವೃಕ್ಷ, ಲಗ್ನಪತ್ರಿಕೆ, ತಿಥಿ ಕಾರ್ಡು, ಕಾಲಭೈರವೇಶ್ವರನ ಹಬ್ಬ ಬಂದರೆ ಕರಪತ್ರ. ಕಂಪ್ಯೂಟರನ್ನು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಜೋಡಿಸಿ ತಂದಿದ್ದೆವು. ಹಗಲೆಲ್ಲ ಅದು ಮಳಿಗೆಯಲ್ಲಿ. ಮಳಿಗೆಯ ಬಾಗಿಲು ಭದ್ರವಿಲ್ಲವೆಂದು ರಾತ್ರಿ ಸಿಪಿಯು ಒಂದನ್ನು ಸೈಕಲ್ ಕ್ಯಾರಿಯರಿಗೆ ಕಟ್ಟಿ ಮನೆಗೆ ತರುತ್ತಿದ್ದ. ಮನೆಯಲ್ಲಿ ಇನ್ನೊಂದು ಹಳೆಯ ಮಾನಿಟರಿತ್ತು. ಮಂಡ್ಯದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ನಾನು ಶನಿವಾರ ಕೆ.ಎಂ. ದೊಡ್ಡಿಯಲ್ಲಿ ಬಸ್ ಇಳಿದು ಮನೆ ಸೇರಿದರೆ ಭಾನುವಾರ ಸಂಜೆಯವರೆಗೂ ಆ ಸಿಪಿಯು ನನ್ನದು. ಹೀಗೆ ಒಂದು ಪೆಟ್ಟಿಗೆಗೆ ಇಬ್ಬರು ಯಜಮಾನರಾದೆವು.

ನನಗೆ ವಿಂಡೋಸಿನ ಪಕ್ಕದಲ್ಲಿ ಲಿನಕ್ಸೂ ಬೇಕಿತ್ತು. ಲಿನಕ್ಸಿನ ಒಂದು ಬಗೆಯಾದ ಉಬುಂಟುವಿನ ಸಿಡಿಗೆ ಆಗ ಕಾಸು ಕೊಡಬೇಕಿರಲಿಲ್ಲ. ಕೆನಾನಿಕಲ್ ಕಂಪನಿ ಶಿಪ್‌ಇಟ್ ಅನ್ನುವ ಹೆಸರಿನಲ್ಲಿ, ಕೇಳಿದವರಿಗೆಲ್ಲ ಅಂಚೆಯಲ್ಲಿ ಪುಕ್ಕಟೆ ಕಳಿಸುತ್ತಿತ್ತು, 2011ರಲ್ಲಿ ನಿಲ್ಲಿಸಿತು. 2008ರ ಮಳೆಗಾಲದ ಆರಂಭದಲ್ಲಿ ನಮ್ಮ ಮನೆಗೂ ಒಂದು ಲಕೋಟೆ ಬಂತು. "ಫಾರಿನ್ನಿಂದ ಯಾರ್ದೋ ಲಗ್ನಪತ್ರಿಕೆ ಬಂದದೆ" ಎಂದು ಪೋಸ್ಟ್‌ಮ್ಯಾನ್ ಅವ್ವನ ಕೈಗೆ ಕೊಟ್ಟು ಹೋಗಿದ್ದರು. ಒಳಗಿದ್ದದ್ದು 8.04, ಹಾರ್ಡಿ ಹೆರಾನ್.

ಹಾಕಬೇಕೆಂದರೆ ಡಿಸ್ಕನ್ನು ಪಾಲು ಮಾಡಬೇಕು. ನಾನು ನೋಟ್‌ಬುಕ್ಕಿನ ಹಾಳೆಯಲ್ಲಿ ಚೌಕ ಬರೆದು ಅಣ್ಣನಿಗೆ ತೋರಿಸುತ್ತಿದ್ದೆ. ಇಲ್ಲಿ ನಿನ್ನ ವಿಂಡೋಸು, ಇಲ್ಲಿ ನಿನ್ನ ಡಿ ಡ್ರೈವು, ಇಲ್ಲಿ ನನ್ನ ಲಿನಕ್ಸು. "ನನ್ನ ಡಿ ಮುಟ್ಟಬ್ಯಾಡ ಕನ್ಲಾ, ಊರೋರ ಕಾರ್ಡೆಲ್ಲ ಅದ್ರಲ್ಲವೆ" ಎಂದು ಅಣ್ಣ ಒಂದೇ ಸಮ ಹೇಳುತ್ತಿದ್ದ. ಹಟ್ಟಿಯಲ್ಲಿ ದನ ಕಟ್ಟಿ ಬಂದ ಅಪ್ಪ ಚೌಕಗಳನ್ನು ನೋಡಿ, ಇದು ಜಮೀನಿನ ನಕ್ಷೆಯಿರಬೇಕೆಂದು ಪಕ್ಕದಲ್ಲಿ ಕೂತ. ಏನೆಂದು ತಿಳಿದ ಮೇಲೆ ಕೇಳಿದ್ದು ಒಂದೇ ಪ್ರಶ್ನೆ:

"ಕಣ ಯಾರ ಪಾಲಿಗೆ?"

ನಮ್ಮಜ್ಜನೂ ಅವನ ಅಣ್ಣನೂ ಪಾಲಾದಾಗ ಕಣದ ನಡುವೆ ಕಲ್ಲು ನೆಟ್ಟು ಅದನ್ನೂ ಹಂಚಿಕೊಂಡಿದ್ದರಂತೆ. ಅರ್ಧ ಕಣದಲ್ಲಿ ರೋಣಗಲ್ಲು ತಿರುಗುವುದಿಲ್ಲ. ಎತ್ತು ಹೂಡಿ ಒಂದು ಸುತ್ತು ಬರುವಷ್ಟರಲ್ಲಿ ಅಣ್ಣನ ನೆಲ ತುಳಿದಂತಾಗುತ್ತಿತ್ತು, ಜಗಳವಾಗುತ್ತಿತ್ತು. ಕೊನೆಗೆ ಇಬ್ಬರೂ ತಂತಮ್ಮ ಅರ್ಧದಲ್ಲಿ ಹುಲ್ಲಿನ ಮೆದೆ ಹಾಕಿಕೊಂಡು ರಾಗಿಯನ್ನು ಬೇರೆಯವರ ಕಣಕ್ಕೆ ಹೊತ್ತರು. ಅಪ್ಪ ಇದನ್ನು ನಮಗೆ ಎಷ್ಟು ಸಲ ಹೇಳಿದ್ದನೋ. ಆ ದಿನ ಮಾತ್ರ ಅದು ನನಗೆ ಕಥೆಯಾಗಿ ಕೇಳಲಿಲ್ಲ. ನನ್ನ ನಕ್ಷೆಯಲ್ಲಿ ಕಣವೇ ಇರಲಿಲ್ಲ.

ವಿಂಡೋಸು ತನ್ನ ಕಡತಗಳನ್ನು ಇಡುವ ಕ್ರಮಕ್ಕೆ ಎನ್‌ಟಿಎಫ್‌ಎಸ್ ಎಂದು ಹೆಸರು, ಲಿನಕ್ಸಿನದು ಆಗ ಇಎಕ್ಸ್‌ಟಿ3. ಎನ್‌ಟಿಎಫ್‌ಎಸ್‌ನ ಒಳಗುಟ್ಟನ್ನು ಮೈಕ್ರೋಸಾಫ್ಟ್ ಬಿಟ್ಟುಕೊಟ್ಟಿರಲಿಲ್ಲ. ಹೊರಗಿನವರು ಡಿಸ್ಕನ್ನೇ ಬಗೆದು ನೋಡಿ, ಊಹಿಸಿ, ತಪ್ಪಿ, ಮತ್ತೆ ಊಹಿಸಿ ಅದರ ಭಾಷೆ ಕಲಿತಿದ್ದರು. ಬಹಳ ವರ್ಷ ಲಿನಕ್ಸಿನಿಂದ ಅದನ್ನು ಓದಬಹುದಿತ್ತು, ಧೈರ್ಯವಾಗಿ ಬರೆಯುವಂತಿರಲಿಲ್ಲ. 2007ರ ಫೆಬ್ರವರಿಯಲ್ಲಿ ಎನ್‌ಟಿಎಫ್‌ಎಸ್-3ಜಿ ಅನ್ನುವ ತಂತ್ರಾಂಶದ ಮೊದಲ ಸ್ಥಿರ ಆವೃತ್ತಿ ಬಂದ ಮೇಲೆ ಬರೆಯುವುದೂ ಸಲೀಸಾಯಿತು. ಉಬುಂಟು 8.04ರಲ್ಲಿ ಅದು ಮೊದಲೇ ಸೇರಿತ್ತು. ಆದರೂ ಅಣ್ಣನ ಡಿ ಡ್ರೈವಿನಲ್ಲಿ ಕೈಯಾಡಿಸುವ ಧೈರ್ಯ ನನಗಿರಲಿಲ್ಲ. ಹಾಗಾಗಿ ಇಬ್ಬರಿಗೂ ಬರುವ ಹಳೆಯ ಭಾಷೆ ಫ್ಯಾಟ್32ರಲ್ಲಿ 20 ಜಿಬಿಯ ಒಂದು ಪಾಲನ್ನು ನಡುವೆ ಬಿಟ್ಟೆ. ವಿಂಡೋಸಿಗೆ 30, ಡಿಗೆ 70, ಲಿನಕ್ಸಿಗೆ 29. ನಡುವಿನ 20ಕ್ಕೆ "ಕಣ" ಎಂದೇ ಹೆಸರಿಟ್ಟೆ.

ಪಾಲು ಮಾಡುವಾಗ ಕರೆಂಟು ಹೋದರೆ ಎಲ್ಲವೂ ಹೋದಂತೆ. ಕರೆಂಟು ನಿಲ್ಲುವ ಸರದಿ ನೋಡಿಕೊಂಡು ರಾತ್ರಿ ಹನ್ನೊಂದಕ್ಕೆ ಶುರು ಮಾಡಿದೆ. ಡಿ ಡ್ರೈವಿನ ಹಳದಿ ಪಟ್ಟಿ ಇಂಚಿಂಚೇ ಸರಿಯುವಾಗ ಅಣ್ಣ ಯುಪಿಎಸ್ ಮೇಲೆ ಕೈಯಿಟ್ಟುಕೊಂಡು ಕೂತಿದ್ದ, ಕೂಸಿನ ಜ್ವರ ನೋಡುವವನ ಹಾಗೆ.

ಮಾರನೇ ದಿನದಿಂದ ಬೇರೆ ತರಲೆಗಳು. ಚಾಲೂ ಮಾಡಿದ ಕೂಡಲೇ ಗ್ರಬ್ ಎಂಬ ಕಪ್ಪು ಪರದೆ ಬಂದು ಯಾವುದು ಬೇಕು ಎಂದು ಕೇಳಿ 10 ಸೆಕೆಂಡು ಕಾಯುತ್ತಿತ್ತು. ಉತ್ತರ ಬಾರದಿದ್ದರೆ ನೇರ ಉಬುಂಟುವಿಗೆ ಹೋಗುತ್ತಿತ್ತು. ಅಣ್ಣ ಸ್ವಿಚ್ಚು ಒತ್ತಿ ಟೀ ಕುಡಿದು ಬರುವಷ್ಟರಲ್ಲಿ ಆ ಕೆಮ್ಮಣ್ಣಿನ ಬಣ್ಣದ ಪರದೆ. ಎದುರಿಗೆ ಪಹಣಿ ಅರ್ಜಿಯವರು ನಿಂತಿರುತ್ತಾರೆ, ಮತ್ತೆ ಆರಿಸಿ ಹೊತ್ತಿಸಬೇಕು. ವಾರವಿಡೀ ಬೈಗುಳ ಕೂಡಿಟ್ಟು ಶನಿವಾರ ನನಗೆ ಕೊಡುತ್ತಿದ್ದ. ಗ್ರಬ್ ಪಟ್ಟಿಯಲ್ಲಿ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ ಎಂದು ತಿಳಿಯದೆ ನಾನು ಎರಡು ವಾರ ತಪ್ಪು ಸಂಖ್ಯೆ ಬರೆದೆ. ಅಲ್ಲಿಗೆ ಅವ್ವ, "ನಿಮ್ಮಿಬ್ರ ನ್ಯಾಯಕ್ಕೆ ಬಸಪ್ಪನ್ನೇ ಕರ್ಸಬೇಕು" ಎಂದಳು. ನಮ್ಮೂರ ಕಾಲಭೈರವೇಶ್ವರನ ದೇವರ ಬಸವನಾದ ಬಸಪ್ಪನನ್ನು ಸುತ್ತಲ ಹಳ್ಳಿಗಳಿಗೆ ಕರೆದೊಯ್ದು ಭಕ್ತರು ತಮ್ಮ ಕಷ್ಟ, ವ್ಯಾಜ್ಯ ಕೇಳಿಕೊಳ್ಳುವುದುಂಟು. ಬಸಪ್ಪ ಬಂದಿದ್ದರೆ ತೀರ್ಪು ಅಣ್ಣನ ಕಡೆಗೇ ಆಗುತ್ತಿತ್ತು, ಅನುಮಾನವಿಲ್ಲ.

ಗಡಿಯಾರದ್ದು ಇನ್ನೊಂದು ರಗಳೆ. ನಾನು ಲಿನಕ್ಸಿನಲ್ಲಿ ಕೆಲಸ ಮಾಡಿ ಹೋದ ಮೇಲೆ ವಿಂಡೋಸಿನ ಗಡಿಯಾರ ಐದೂವರೆ ಗಂಟೆ ಹಿಂದೆ ಓಡುತ್ತಿತ್ತು. ಮದರ್‌ಬೋರ್ಡಿನ ಸೆಲ್ಲು ಸತ್ತಿದೆಯೆಂದು ಅಣ್ಣ ಹೊಸ ಸೆಲ್ಲು ಹಾಕಿಸಿದ. ಮುಂದಿನ ಸೋಮವಾರ ಮತ್ತೆ ಅದೇ. ಐದೂವರೆ ಎಂಬ ಅಂಕಿಯೇ ಕಳ್ಳನ ಗುರುತು ಹೇಳುತ್ತಿತ್ತು, ನಮಗೆ ಹೊಳೆಯಲಿಲ್ಲ. ಲಿನಕ್ಸಿಗೆ ಜಾಗತಿಕ ಕಾಲಮಾನ ಇಡುವುದೇ ಸರಿ ಎಂದು ಎಲ್ಲೋ ಓದಿ ನಾನೇ ಹಾಗೆ ಬದಲಿಸಿದ್ದೆ. ಅದು ಒಳಗಿನ ಗಡಿಯಾರದಲ್ಲಿ ಗ್ರೀನಿಚ್ ಹೊತ್ತು ಬರೆದಿಡುತ್ತಿತ್ತು, ವಿಂಡೋಸು ಅದನ್ನೇ ಚಿಕ್ಕರಸಿನಕೆರೆಯ ಹೊತ್ತೆಂದು ನಂಬುತ್ತಿತ್ತು. ಕಡತದಲ್ಲಿ ಒಂದು "ಹೌದು" ಅಳಿಸಿ "ಇಲ್ಲ" ಎಂದು ಬರೆದದ್ದಷ್ಟೇ ಪರಿಹಾರ. ಸೆಲ್ಲಿನ ದುಡ್ಡನ್ನು ಅಣ್ಣ ನನ್ನ ಬಸ್ ಚಾರ್ಜಿನಲ್ಲಿ ಹಿಡಿದುಕೊಂಡ.

ಮುಹೂರ್ತದ ಹೊತ್ತನ್ನೇ ಕಡತದ ಹೆಸರಾಗಿಸಿದ ಬುದ್ಧಿವಂತಿಕೆಯೂ ನನ್ನದೇ. ಧೈರ್ಯ ಬಂದ ಮೇಲೆ ಒಂದು ದಿನ ಲಿನಕ್ಸಿನಿಂದ ಅಣ್ಣನ ಡಿ ಡ್ರೈವಿಗೆ "10:30" ಎಂದು ಹೆಸರಿಟ್ಟು ಒಂದು ಕಡತ ಹಾಕಿದೆ. ಹೆಸರಿನ ನಡುವೆ ಆ ಎರಡು ಚುಕ್ಕಿ ವಿಂಡೋಸಿಗೆ ನಿಷಿದ್ಧ. ಅಣ್ಣನಿಗೆ ಅದು ಕಾಣುತ್ತದೆ, ತೆರೆಯುವುದಿಲ್ಲ, ಅಳಿಸಿದರೆ ಅಳಿಯುವುದೂ ಇಲ್ಲ. ದೆವ್ವ ಹೊಕ್ಕಿದೆಯೆಂದು ಫೋನು ಮಾಡಿದ್ದ.

ಅತ್ತಿಂದಿತ್ತ ನೋಡುವುದರಲ್ಲಿ ಸಮಪಾಲಿರಲಿಲ್ಲ. ನಮ್ಮ ಜಗಲಿಯಿಂದ ಅವರ ಹಿತ್ತಲು ಕಾಣುತ್ತದೆ, ಅವರ ಜಗಲಿಯಿಂದ ನಮ್ಮ ಹಿತ್ತಲು ಕಾಣುವುದಿಲ್ಲ, ಹಾಗೆ. ಲಿನಕ್ಸಿನಿಂದ ವಿಂಡೋಸಿನ ಎಲ್ಲವೂ ಕಾಣುತ್ತಿತ್ತು. ವಿಂಡೋಸಿಗೆ ನನ್ನ 29 ಜಿಬಿ ಬರೀ ಪಾಳುಭೂಮಿ. ವಿಂಡೋಸಿಗೆ ಇಎಕ್ಸ್‌ಟಿ ಓದಲು ಕಲಿಸುವ ಒಂದು ತಂತ್ರಾಂಶ ತಂದು ಹಾಕಿದೆ. ಅದಕ್ಕೆ ಗೊತ್ತಿದ್ದದ್ದು 128 ಬೈಟಿನ ಐನೋಡು, ಅಂದರೆ ಪ್ರತಿ ಕಡತದ ಖಾತೆ ಚೀಟಿ. ಹೊಸ ಉಬುಂಟುವಿನ ಚೀಟಿ 256 ಬೈಟು. ಫಲವಾಗಿ ವಿಂಡೋಸು ಅಣ್ಣನನ್ನು ವಿನಯದಿಂದ ಕೇಳಿತು: ಈ ಡಿಸ್ಕು ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಲೇ? ಅಣ್ಣ ಹೌದು ಎನ್ನಲಿಲ್ಲ. ಆದರೆ ಆ ಪ್ರಶ್ನೆ ಎದುರಿಗಿದ್ದಾಗ ತನಗೆ ಏನೇನು ಅನ್ನಿಸಿತ್ತೆಂದು ಆಮೇಲೆ ಹಲವು ಸಲ ಹೇಳಿದ್ದಾನೆ.

2009ರ ಮದುವೆ ಕಾಲದಲ್ಲಿ ವಿಂಡೋಸು ಬಿದ್ದಿತು. ಗಿರಾಕಿಗಳ ಪೆನ್‌ಡ್ರೈವಿನಲ್ಲಿ ಬಂದ ಯಾವುದೋ ವೈರಸ್ಸು. ನೀಲಿ ಪರದೆ ಬರುತ್ತದೆ, ಮತ್ತೆ ಮೊದಲಿಂದ ಶುರುವಾಗುತ್ತದೆ, ಮತ್ತೆ ನೀಲಿ. ಪಕ್ಕದ ಹಳ್ಳಿಯವರ ಲಗ್ನಪತ್ರಿಕೆ ಮಾರನೇ ಬೆಳಿಗ್ಗೆ ಮದ್ದೂರಿನ ಪ್ರೆಸ್ಸಿಗೆ ಹೋಗಬೇಕಿತ್ತು. ಅಂದು ಶನಿವಾರವಾಗಿದ್ದು ಅವರ ಪುಣ್ಯ. ನಾನು ಉಬುಂಟು ಹೊತ್ತಿಸಿ ಡಿ ಡ್ರೈವು ತೆರೆಯಹೋದರೆ ಅದು ಒಪ್ಪಲಿಲ್ಲ. ವಿಂಡೋಸು ಸರಿಯಾಗಿ ಮುಚ್ಚಿಲ್ಲ. ಮೊದಲು ವಿಂಡೋಸಿಗೆ ಹೋಗಿ ಮುಚ್ಚಿ ಬಾ, ಇಲ್ಲವೇ ಫೋರ್ಸ್ ಅನ್ನುವ ಪದ ಸೇರಿಸು ಎಂದಿತು. ಸತ್ತವನ ಹತ್ತಿರ ಸಹಿ ಹಾಕಿಸಿಕೊಂಡು ಬಾ ಎಂದಂತೆ.

"ಫೋರ್ಸು ಅಂದ್ರೆ ಏನ್ಲಾ?"

"ಬಲವಂತ ಕಣಣ್ಣ."

"ಬಲವಂತ ಬ್ಯಾಡ ಕನ್ಲಾ, ಇನ್ನೇನಾರ ಅದಾ ನೋಡು."

ಇನ್ನೇನೂ ಇರಲಿಲ್ಲ. ಬಲವಂತ ಮಾಡಿದೆ. ಡಿ ತೆರೆಯಿತು. ವೈರಸ್ಸಿನ ಕಡತಗಳು ಅಲ್ಲೇ ಬಿಸಿಲಿಗೆ ಬಂದ ಹಾವಿನಂತೆ ಬಿದ್ದಿದ್ದವು. ವಿಂಡೋಸಿನಲ್ಲಿ ಅಡಗಿ ಕೂರುತ್ತಿದ್ದವು ಲಿನಕ್ಸಿನಲ್ಲಿ ಬರಿಯ ಹೆಸರುಗಳು. ಒಂದೊಂದನ್ನೇ ಅಳಿಸಿದೆ. ಆಮೇಲೆ ಪತ್ರಿಕೆಯ ಒಕ್ಕಣೆಯಿದ್ದ ಕಡತ ತೆರೆದು ಅಣ್ಣನಿಗೆ ತೋರಿಸಿದೆ.

ಅಣ್ಣ ಪರದೆ ನೋಡಿದ, ನನ್ನ ಮುಖ ನೋಡಿದ. ಹಾಳೆಯ ಮೇಲೆ ಒಂದೂ ಕನ್ನಡ ಅಕ್ಷರವಿರಲಿಲ್ಲ. "ಶ್ರೀ" ಇರಬೇಕಾದಲ್ಲಿ ಮೇಲಕ್ಕೇರಿದ ಪುಟ್ಟ ಎರಡರ ಅಂಕೆ, ಒಂದಕ್ಕೊಂದು ಅಂಟಿಕೊಂಡ ಇಂಗ್ಲಿಷಿನ ಎ ಮತ್ತು ಇ, ಆಮೇಲೆ ತಲೆಯ ಮೇಲೆ ಅಲೆ ಹೊತ್ತ ಇನ್ನೊಂದು ಎ. ವಧುವಿನ ಹೆಸರು, ವರನ ಹೆಸರು, ಕಲ್ಯಾಣ ಮಂಟಪ ಎಲ್ಲವೂ ಅದೇ ಹುಳುಗಳು. "ಬಲವಂತ ಮಾಡಿ ಕೆಡಿಸ್ಬುಟ್ಟೆ" ಎಂದ.

ಕೆಟ್ಟಿರಲಿಲ್ಲ. ನಾನು ಅಷ್ಟು ದಿನ ತಿಳಿದದ್ದೇ ತಪ್ಪಾಗಿತ್ತು. ಕಡತ ತಲುಪಿದರೆ ಓದಿದಂತೆಯೇ ಎಂದುಕೊಂಡಿದ್ದೆ. ಅಣ್ಣ ಬಳಸುತ್ತಿದ್ದದ್ದು ನುಡಿ. ಕನ್ನಡ ಗಣಕ ಪರಿಷತ್ತು ರೂಪಿಸಿದ್ದು, ಸರ್ಕಾರಿ ಕಚೇರಿಗಳಲ್ಲೂ ಅದೇ ನಡೆಯುತ್ತಿದ್ದದ್ದು. ಆ ಕಾಲದ ನುಡಿಯಲ್ಲಿ ಕಡತದ ಒಳಗೆ ಕನ್ನಡ ಇರುತ್ತಿರಲಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತ ಇರುತ್ತಿತ್ತು, ಅದರ ಮೇಲೆ ಫಾಂಟು ಕನ್ನಡದ ಚಿತ್ರ ಹೊದಿಸುತ್ತಿತ್ತು. ಫಾಂಟು ಇದ್ದಲ್ಲಿ ಕನ್ನಡ, ಇಲ್ಲದಲ್ಲಿ ಹುಳು. ವೇಷ ಕಳಚಿದ ಪಾತ್ರಧಾರಿಯನ್ನು ಚೌಕಿಯಲ್ಲಿ ಕಂಡು ಗುರುತು ಸಿಗದೆ ಹೋದ ಹಾಗಾಗಿತ್ತು.

ಸತ್ತ ವಿಂಡೋಸಿನ ಸಿ ಡ್ರೈವನ್ನೂ ಬಲವಂತದಿಂದ ತೆರೆದು, ಅದರ ಫಾಂಟ್ಸ್ ಕಡತಕೋಶದಿಂದ ನುಡಿಯ ಅಷ್ಟೂ ಫಾಂಟು ಎತ್ತಿ ನನ್ನ ಮನೆಕೋಶಕ್ಕೆ ಹಾಕಿದೆ. ಓಪನ್ ಆಫೀಸ್ ಮುಚ್ಚಿ ತೆರೆದಾಗ ಹುಳುಗಳೆಲ್ಲ ಎದ್ದು ನಿಂತು ಶ್ರೀಕಾರವಾದವು. ಆ ರಾತ್ರಿಯ ಸಂತೋಷ ಅಷ್ಟಕ್ಕೇ ಮುಗಿಯಿತು, ಯಾಕೆಂದರೆ ಪತ್ರಿಕೆಯ ಅಚ್ಚುಕಟ್ಟು ಇದ್ದದ್ದು ಪೇಜ್‌ಮೇಕರಿನಲ್ಲಿ. ಅದನ್ನು ತೆರೆಯುವ ತಂತ್ರಾಂಶ ನನ್ನ ಲಿನಕ್ಸಿನಲ್ಲಿರಲಿಲ್ಲ. ಎರಡು ಕಡತವನ್ನೂ ಕಣಕ್ಕೆ ಹಾಕಿ, ಕಣದಿಂದ ಪೆನ್‌ಡ್ರೈವಿಗೆ ತುಂಬಿಕೊಂಡು ಬೆಳಗಿನ ಮೊದಲ ಬಸ್ಸಿಗೆ ಅಣ್ಣ ಮದ್ದೂರಿಗೆ ಹೋದ. ಪ್ರೆಸ್ಸಿನಲ್ಲಿ ಪೇಜ್‌ಮೇಕರೂ ಇತ್ತು, ನುಡಿಯೂ ಇತ್ತು. ಬರುವಾಗ ಬಿಸಿ ಮದ್ದೂರು ವಡೆ ಕಟ್ಟಿಸಿಕೊಂಡು ಬಂದ. ಕ್ಷಮೆ ಕೇಳುವುದು ನಮ್ಮ ಮನೆಯಲ್ಲಿ ವಾಡಿಕೆಯಿಲ್ಲ, ವಡೆ ತರುವುದು ಉಂಟು.

ಆಮೇಲೆ ಅಣ್ಣ ಮುಖ್ಯವಾದದ್ದನ್ನೆಲ್ಲ ಕಣದಲ್ಲೂ ಒಂದು ಪ್ರತಿ ಇಡಲು ಕಲಿತ. ಎಲ್ಲವೂ ಹಿಡಿಯುತ್ತಿರಲಿಲ್ಲ. ಯಾರದೋ ಮದುವೆ ಡಿವಿಡಿಯನ್ನು ಒಂದೇ ಕಡತ ಮಾಡಿ ಹಾಕಹೋದಾಗ ಜಾಗ ಸಾಲದು ಎಂದಿತು, ಹನ್ನೆರಡು ಜಿಬಿ ಖಾಲಿಯಿದ್ದರೂ. ಫ್ಯಾಟ್32ರಲ್ಲಿ ಒಂದು ಕಡತ 4 ಜಿಬಿ ಮೀರುವಂತಿಲ್ಲ. ಹೊಲದಲ್ಲಿ ಜಾಗವಿದೆ, ಗೇಟಿನಲ್ಲಿ ಗಾಡಿ ಹಿಡಿಸದು. ಲಿನಕ್ಸಿನಲ್ಲೂ ಅವನಿಗೆ ಕನ್ನಡ ಬರೆಯಲು ಬಂತು. ನುಡಿಯಲ್ಲಿ ಅವನ ಬೆರಳಿಗೆ ಅಭ್ಯಾಸವಾಗಿದ್ದ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೇ ಅಲ್ಲೂ ಸಿಕ್ಕಿತು. ಎಫ್ ಒತ್ತಿದರೆ ಇಲ್ಲೂ ಒತ್ತಕ್ಷರ, ಅಲ್ಲೂ ಒತ್ತಕ್ಷರ. ಆದರೆ ಅಲ್ಲಿ ಮೂಡುತ್ತಿದ್ದದ್ದು ಯುನಿಕೋಡು, ಅದನ್ನು ಅವನ ಪೇಜ್‌ಮೇಕರು ಒಪ್ಪುತ್ತಿರಲಿಲ್ಲ. ಹೊಟ್ಟೆಪಾಡು ಪೇಜ್‌ಮೇಕರಿನದು. ಹಾಗಾಗಿ ಅವನು ನುಡಿಯಲ್ಲೇ ಉಳಿದ. ಅದಕ್ಕಾಗಿ ಅವನನ್ನು ಹಳಿಯುವ ಲಿನಕ್ಸ್ ಗೆಳೆಯರು ನನಗಿದ್ದರು. ಅವರಾರೂ ತಿಥಿ ಕಾರ್ಡು ಅಚ್ಚು ಹಾಕಿಸಿ ಬದುಕಬೇಕಿರಲಿಲ್ಲ.

2010ರಲ್ಲಿ ಅಪ್ಪನೂ ಚಿಕ್ಕಪ್ಪನೂ ಬೇರೆಯಾದರು. ಜಗಳವೇನಿಲ್ಲ, ಮಕ್ಕಳು ದೊಡ್ಡವರಾಗಿದ್ದರು ಅಷ್ಟೆ. ಗದ್ದೆ, ಕಬ್ಬಿನ ತಾಕು, ಮನೆ, ನಾಲೆ ನೀರಿನ ಸರದಿ ಎಲ್ಲವನ್ನೂ ಹಿರಿಯರೆದುರು ಹಂಚಿದರು. ಪಂಚಾಯ್ತಿ ಪಾರೀಕತ್ತನ್ನು ನುಡಿಯಲ್ಲಿ ಟೈಪು ಮಾಡಿದವನು ಅಣ್ಣ. ಪಕ್ಕದಲ್ಲಿ ನಿಂತು ಒಂದೊಂದು ಸಾಲನ್ನೂ ಓದಿಸಿದವನು ಅಪ್ಪ. ಕಣದ ಸರದಿ ಬಂದಾಗ ಚಿಕ್ಕಪ್ಪ ಅರ್ಧರ್ಧ ಮಾಡೋಣವೆಂದರು. "ಬ್ಯಾಡ ಕಣಪ್ಪ, ಹುಡುಗ ಕಂಪ್ಯೂಟ್ರಲ್ಲಿ ಮಡಗವ್ನಲ್ಲ, ಅಂಗೆ ಮಡಗುವ" ಎಂದ ಅಪ್ಪ. ಕಣವೂ ಅದಕ್ಕೆ ಹೋಗುವ ಗಾಡಿ ದಾರಿಯೂ ಜಂಟಿಯಲ್ಲಿ ಉಳಿದವು. ಒಂದೊಂದು ಪ್ರತಿ ಇಬ್ಬರ ಕೈಗೆ, ಕಡತ ಕಣಕ್ಕೆ.

ಆಮೇಲಿನ ವರ್ಷಗಳಲ್ಲಿ ಹೇಳುವಂಥದ್ದು ಕಮ್ಮಿ. ನಾನು ಬೆಂಗಳೂರು ಸೇರಿದೆ. ಅಣ್ಣ ಲ್ಯಾಪ್‌ಟಾಪು ಕೊಂಡ, ಅದರಲ್ಲಿ ವಿಂಡೋಸ್ 8. 2012ರಲ್ಲಿ ಬಂದ ಆ ವಿಂಡೋಸು ಆರಿಸಿದರೂ ಪೂರ್ತಿ ಆರುವುದಿಲ್ಲ, ಬೇಗ ಏಳಲೆಂದು ಅರೆನಿದ್ರೆಯಲ್ಲಿರುತ್ತದೆ. ಲಿನಕ್ಸಿನಿಂದ ಅದರ ಪಾಲಿಗೆ ಬರೆಯಹೋದರೆ ನಿದ್ದೆಯಲ್ಲಿರುವವನ ಜೇಬಿಗೆ ಕೈ ಹಾಕಬೇಡ ಎನ್ನುವ ಎಚ್ಚರಿಕೆ ಬರುತ್ತದೆ. ವೇಗದ ಆರಂಭವನ್ನು ನಿಲ್ಲಿಸಿದರೆ ಸರಿಹೋಗುತ್ತದೆ. 2021ರಲ್ಲಿ ಲಿನಕ್ಸ್ 5.15ರ ಕರ್ನಲ್ಲಿನ ಒಳಗೇ ಎನ್‌ಟಿಎಫ್‌ಎಸ್ ಬರೆಯುವ ಪೂರ್ಣ ಚಾಲಕ ಸೇರಿತು. ಈಗಿನ ಹಲವು ಲ್ಯಾಪ್‌ಟಾಪುಗಳಲ್ಲಿ ಬಿಟ್‌ಲಾಕರ್ ಬೀಗ ಬಿದ್ದಿರುತ್ತದೆ. ಅದರ ಕೀಲಿ ಸಂಖ್ಯೆ ಬರೆದಿಟ್ಟುಕೊಳ್ಳದವರಿಗೆ ಯಾವ ಲಿನಕ್ಸೂ ಸಹಾಯ ಮಾಡಲಾರದು.

ಕಳೆದ ಬೇಸಿಗೆಯಲ್ಲಿ ಅಣ್ಣ ಫೋನು ಮಾಡಿದ. ಗಾಡಿ ದಾರಿಯ ವಿಷಯಕ್ಕೆ ಚಿಕ್ಕಪ್ಪನ ಮಕ್ಕಳಿಗೂ ನಮಗೂ ಮಾತು ಬಂದಿತ್ತು. ಅಪ್ಪ ಈಗಿಲ್ಲ. ಪಾರೀಕತ್ತಿನ ನಮ್ಮ ಪ್ರತಿಗೆ ಗೆದ್ದಲು ಹಿಡಿದಿತ್ತು, ಅವರ ಪ್ರತಿ ಸಿಗುತ್ತಿಲ್ಲ ಎನ್ನುತ್ತಿದ್ದರು. ಅಟ್ಟದ ಮೇಲೆ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ ಹಳೆಯ ಸಿಪಿಯುವಿನಿಂದ ಡಿಸ್ಕು ಬಿಚ್ಚಿ, ಯುಎಸ್‌ಬಿ ಪೆಟ್ಟಿಗೆಗೆ ಹಾಕಿ ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಸಿ ತೆರೆಯಲಿಲ್ಲ. ಡಿ ತೆರೆಯುತ್ತ ತೆರೆಯುತ್ತ ಕಟಕಟ ಸದ್ದು ಮಾಡಿ ನಿಂತಿತು. ಕಣ ತೆರೆಯಿತು.

ಕಡತದಲ್ಲಿ ಮತ್ತೆ ಅದೇ ಹುಳುಗಳು. ಈ ಸಲ ಫಾಂಟು ಹೊದಿಸದೆ ಯುನಿಕೋಡಿಗೆ ಪರಿವರ್ತಿಸಿದೆ. ಹಳೆಯ ನುಡಿಯಲ್ಲಿ ಅರ್ಕಾವೊತ್ತು ಅಕ್ಷರದ ಆಮೇಲೆ ಬರುತ್ತದೆ, ಯುನಿಕೋಡಿನಲ್ಲಿ ಮೊದಲೇ ಬರಬೇಕು. ನಾನು ಹಿಡಿದ ಪರಿವರ್ತಕಕ್ಕೆ ಅದು ತಿಳಿದಿರಲಿಲ್ಲ. ಪೂರ್ವ ದಿಕ್ಕು "ಪೂವರ್" ಆಗಿತ್ತು, ವರ್ಷ "ವಷರ್" ಆಗಿತ್ತು. ಒಂದೊಂದನ್ನೇ ಕೈಯಿಂದ ತಿದ್ದಿದೆ. ಅಂಕಿಗಳಿಗೆ ಏನೂ ಆಗಿರಲಿಲ್ಲ. ಅಚ್ಚು ಹಾಕಿಸಿ ಊರಿಗೆ ಒಯ್ದೆ. ಚಿಕ್ಕಪ್ಪನ ಮಕ್ಕಳೂ ಬಂದರು, ಎಲ್ಲರೂ ಸೇರಿ ಟೇಪು ಹಿಡಿದೆವು.

ಕಡತದಲ್ಲಿ ಗಾಡಿ ದಾರಿ 12 ಅಡಿ ಎಂದಿದೆ. ನೆಲದ ಮೇಲೆ 9 ಅಡಿ ಇತ್ತು. ಅದರಲ್ಲಿ ಎರಡು ಅಡಿ ಒತ್ತಿದ್ದು ಅವರ ಕಬ್ಬು, ಒಂದು ಅಡಿ ನಮ್ಮದು.